ಗೆದ್ದವನ ಕುರ್ಚಿಯಲ್ಲೇ ಯಾಕೆ ಕೂರುತ್ತೀರಿ?

‘ರೌಂಡರ್ಸ್’ ಸಿನಿಮಾ ಮೆಚ್ಚಿದವರನ್ನು ಸುಮ್ಮನೆ ಮಾತಿಗೆಳೆಯಿರಿ. ಕಾಫಿ ಆರುವುದರೊಳಗೆ ನಾಲ್ಕು ತೀರ್ಪು ಹೊರಬೀಳುತ್ತವೆ. ಪೋಕರ್ ಜೂಜಲ್ಲ, ಬುದ್ಧಿಯ ಆಟ. ನಾಯಕ ಮೈಕ್ ಜೂಜುಕೋರನಲ್ಲ, ಕಲಾವಿದ. ಅವನು ಹಾಳಾಗಿದ್ದು ವರ್ಮ್ ಎಂಬ ನಾಲಾಯಕ್ ಗೆಳೆಯನಿಂದ. ಅವನ ಪ್ರೇಯಸಿ ಜೋ ಎಂಬಾಕೆ ಶುದ್ಧ ತಲೆನೋವು. ಸಿನಿಮಾ ಬಂದು ಕಾಲು ಶತಮಾನ ದಾಟಿದರೂ ಈ ನಾಲ್ಕು ಮಾತು ಅಲುಗಿಲ್ಲ. ಆಟ ಕಲಿಯಲು ಹೊರಟ ಹುಡುಗನಿಗೆ ‘ಮೊದಲು ಇದನ್ನು ನೋಡು’ ಎಂದು ಶಿಫಾರಸು ಮಾಡುವವರೂ ಕಡಿಮೆಯಾಗಿಲ್ಲ. ನಾಲ್ಕೂ ತಪ್ಪು. ಬರೀ ತಪ್ಪಾಗಿದ್ದರೆ ರಸಿಕರ ಹರಟೆ ಎಂದು ಬಿಟ್ಟುಬಿಡಬಹುದಿತ್ತು. ಈ ತೀರ್ಪುಗಳು ಹರಟೆಕಟ್ಟೆಯಿಂದ ಎದ್ದುಹೋಗಿ ಜಾಹೀರಾತು ಸೇರಿವೆ, ಕೋರ್ಟಿನ ಮೆಟ್ಟಿಲು ಹತ್ತಿವೆ, ಜನರ ಜೇಬಿಗೆ ಕೈ ಹಾಕಿವೆ.

ಸಿನಿಮಾ ಕೆಟ್ಟದ್ದು ಎಂಬುದು ನನ್ನ ತಕರಾರಲ್ಲ. 1998ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದ, ಜಾನ್ ಡಾಲ್ ನಿರ್ದೇಶನದ ಈ ಚಿತ್ರದಲ್ಲಿ ನ್ಯೂಯಾರ್ಕಿನ ಕದ್ದುಮುಚ್ಚಿ ನಡೆಯುವ ಕ್ಲಬ್ಬುಗಳ ಹೊಗೆ, ಚಿಪ್‌ಗಳ ಸದ್ದು, ನಿದ್ದೆಗೆಟ್ಟ ಮುಖಗಳು ಎಲ್ಲವೂ ಚೆನ್ನಾಗಿವೆ. ಮೈಕ್ ಆಗಿ ನಟಿಸಿದ ಮ್ಯಾಟ್ ಡೇಮನ್, ವರ್ಮ್ ಆಗಿ ನಟಿಸಿದ ಎಡ್ವರ್ಡ್ ನಾರ್ಟನ್ ಇಬ್ಬರಿಗೂ ಅದು ಏರುಗಾಲ. ಕ್ಲಬ್ ನಡೆಸುವ ಟೆಡ್ಡಿ ಕೆಜಿಬಿಯಾಗಿ ಜಾನ್ ಮಾಲ್ಕೊವಿಚ್ ಆಡುವ ರಷ್ಯನ್ ಉಚ್ಚಾರಣೆಯ ಇಂಗ್ಲಿಷ್ ಕೇಳಿ ರಷ್ಯನ್ನರು ಅತ್ತರೋ ನಕ್ಕರೋ, ನಮಗಂತೂ ಮಜಾ. ನನ್ನ ಜಗಳವಿರುವುದು ಈ ಸಿನಿಮಾವನ್ನು ಜೀವನಪಾಠ ಎಂದು ತಲೆಯ ಮೇಲೆ ಹೊತ್ತವರ ಜೊತೆ.

‘ಕಲಾವಿದ’ ಎಂಬ ಬಿರುದಿನಿಂದಲೇ ಶುರುಮಾಡೋಣ. ಮೈಕ್ ಕಾನೂನು ವಿದ್ಯಾರ್ಥಿ. ಚಿತ್ರದ ಆರಂಭದಲ್ಲಿ ಓದಿಗೆಂದು ಕೂಡಿಟ್ಟಿದ್ದನ್ನೂ ಸೇರಿಸಿ ತನ್ನ ಬಳಿಯಿದ್ದ 30,000 ಡಾಲರನ್ನು ಒಂದೇ ರಾತ್ರಿ ಟೆಡ್ಡಿಯ ಮೇಜಿನಲ್ಲಿ ಕಳೆದುಕೊಳ್ಳುತ್ತಾನೆ. ಅವನ ಬಳಿ ಮೂರು ಒಂಬತ್ತು, ಎರಡು ಎಕ್ಕ. ಎದುರಾಳಿಯ ಬಳಿ ಮೂರು ಎಕ್ಕ. ‘ಎಂಥ ದುರದೃಷ್ಟ’ ಎಂದು ಪ್ರೇಕ್ಷಕರು ಮರುಗುತ್ತಾರೆ. ತಮಾಷೆ ನೋಡಿ: ಗೆದ್ದಾಗ ಕೌಶಲ, ಸೋತಾಗ ಅದೃಷ್ಟ! ಪೋಕರ್ ಆಡಿಯೇ ಹೊಟ್ಟೆ ಹೊರೆಯುವವರನ್ನು ಕೇಳಿ, ಅವರು ಮೊದಲು ಹೇಳುವ ನಿಯಮವೇ ಕೈಯಲ್ಲಿರುವ ದುಡ್ಡನ್ನೆಲ್ಲ ಒಂದು ಮೇಜಿಗೆ ಸುರಿಯಬೇಡ ಎಂಬುದು. ಎಷ್ಟೇ ಚೆನ್ನಾಗಿ ಆಡಿದರೂ ಎಲೆ ಕೈಕೊಡುತ್ತದೆ. ಕೈಕೊಟ್ಟ ದಿನವೂ ಮರುದಿನ ಆಡಲು ದುಡ್ಡು ಉಳಿದಿರಬೇಕು. ಮೈಕ್ ಈ ನಿಯಮವನ್ನು ಚಿತ್ರದ ಮೊದಲಲ್ಲೂ ಮುರಿಯುತ್ತಾನೆ, ಕೊನೆಯಲ್ಲೂ ಮುರಿಯುತ್ತಾನೆ. ಕೊನೆಯಲ್ಲಿ ಮೇಜಿನ ಮೇಲಿರುವುದು ಸಾಲದ ದುಡ್ಡು. ಇಂಥವನನ್ನು ಪೋಕರ್ ಲೋಕದ ಭಾಷೆಯಲ್ಲೇ ವೃತ್ತಿಪರ ಎನ್ನಲಾಗದು. ಆದರೂ ‘ಪೋಕರನ್ನು ಇದ್ದದ್ದು ಇದ್ದಂತೆ ತೋರಿಸಿದ ಸಿನಿಮಾ’ ಎಂಬ ಪ್ರಶಸ್ತಿ ಇದಕ್ಕೇ ಸಿಕ್ಕಿದೆ.

ಆ ಪ್ರಶಸ್ತಿಗೆ ಚಿತ್ರದಲ್ಲಿ ಯಾರಾದರೂ ಯೋಗ್ಯನಿದ್ದರೆ ಅದು ಜಾನ್ ಟರ್ಟುರೊ ನಟಿಸಿದ ಜೋಯಿ ಕ್ನಿಶ್. ಅವನು ಎಲೆ ಆಡುವುದು ಬಾಡಿಗೆ ಕಟ್ಟಲು, ಮಕ್ಕಳನ್ನು ಸಾಕಲು. ದೊಡ್ಡ ಪಣಕ್ಕೆ ಕೈ ಹಾಕುವುದಿಲ್ಲ, ಮೆರೆಯುವುದಿಲ್ಲ. ಎಲ್ಲ ಕಳೆದುಕೊಂಡ ಮೈಕ್‌ಗೆ ಟ್ರಕ್ ಓಡಿಸುವ ಕೆಲಸ ಹಿಡಿಸಿಕೊಟ್ಟವನೂ ಅವನೇ. ನಿಜವಾಗಿ ಪೋಕರ್‌ನಿಂದ ಬದುಕುವವನ ಚಿತ್ರ ಅದು: ಗುಮಾಸ್ತನ ಕೆಲಸದಷ್ಟೇ ಬೇಸರದ್ದು, ಪಿಂಚಣಿಯೂ ಇಲ್ಲದ್ದು. ಅಭಿಮಾನಿಗಳಿಗೆ ಅವನ ಬಗ್ಗೆ ಇರುವುದು ಕನಿಕರ. ‘ಧೈರ್ಯವಿಲ್ಲದವನು’ ಎಂಬ ಹಣೆಪಟ್ಟಿ. ಮನೆ ನಡೆಸಿದವನು ಹೇಡಿ, ಮನೆ ಮುಳುಗಿಸಿಕೊಂಡವನು ವೀರ ಎಂಬ ಲೆಕ್ಕವನ್ನು ಇವರು ಯಾವ ಶಾಲೆಯಲ್ಲಿ ಕಲಿತರು?

ಇನ್ನು ವರ್ಮ್. ಜೈಲಿನಿಂದ ಬಂದವನು, ಎಲೆ ಹಂಚುವಾಗ ಕೈಚಳಕ ತೋರುವ ಮೋಸಗಾರ, ಹೋದಲ್ಲೆಲ್ಲ ಸಾಲ ಮಾಡುವವನು. ಅವನೊಬ್ಬ ಬಾರದಿದ್ದರೆ ಮೈಕ್ ಓದಿ ಲಾಯರಾಗುತ್ತಿದ್ದ ಎಂದು ಕೈಕೈ ಹಿಸುಕಿಕೊಳ್ಳುವ ಪ್ರೇಕ್ಷಕರೇ, ಮೊದಲ 30,000 ಡಾಲರ್ ಹೋದಾಗ ವರ್ಮ್ ಎಲ್ಲಿದ್ದ? ಜೈಲಿನಲ್ಲಿದ್ದ. ಆ ಸೋಲಿಗೆ ಯಾರ ಸಹವಾಸವೂ ಬೇಕಾಗಿರಲಿಲ್ಲ. ‘ಸಹವಾಸದೋಷ’ ಎನ್ನುವುದು ಚಟ ಹಿಡಿದ ಮಗನ ಬಗ್ಗೆ ತಂದೆತಾಯಿ ಹೇಳಿಕೊಳ್ಳುವ ಸಮಾಧಾನದ ಮಾತು. ಹೆತ್ತವರು ಹೇಳಿದರೆ ಅರ್ಥವಾಗುತ್ತದೆ. ಟಿಕೆಟ್ ಕೊಂಡು ನೋಡಿದವರಿಗೆ ಆ ಕರುಳಸಂಕಟ ಏಕೆ?

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗಲಕ್ಷಣಗಳ ಕೈಪಿಡಿಯನ್ನು ಪರಿಷ್ಕರಿಸಿದಾಗ ಜೂಜಿನ ಗೀಳನ್ನು ಮದ್ಯ, ಮಾದಕವಸ್ತುಗಳ ಚಟದ ಸಾಲಿಗೆ ಸೇರಿಸಿತು. ಅದರಲ್ಲಿ ಒಂಬತ್ತು ಲಕ್ಷಣಗಳ ಪಟ್ಟಿಯಿದೆ. ವರ್ಷದೊಳಗೆ ನಾಲ್ಕು ಕಂಡರೆ ರೋಗ. ಮೈಕ್‌ನನ್ನು ಕೂರಿಸಿ ಪಟ್ಟಿ ಓದಿ. ಬಿಡುತ್ತೇನೆಂದು ಹೇಳಿ ಬಿಡಲಾಗದೆ ಹೋಗುವುದು: ಇದೆ, ಒಂಬತ್ತು ತಿಂಗಳಲ್ಲಿ ಮರಳಿ ಮೇಜಿಗೆ. ಹತ್ತಿರದವರಿಂದ ಮುಚ್ಚಿಡುವುದು: ಇದೆ. ಸಂಬಂಧ, ಓದು ಪಣಕ್ಕೆ ಬೀಳುವುದು: ಎರಡೂ ಇದೆ, ಅಣಕು ನ್ಯಾಯಾಲಯದ ದಿನವೂ ಸಿದ್ಧತೆಯಿಲ್ಲದೆ ಬಂದು ನಿಲ್ಲುತ್ತಾನೆ. ಕಳೆದದ್ದನ್ನು ಗಳಿಸಲು ಮತ್ತೆ ಆಡುವುದು: ಚಿತ್ರದ ಕೊನೆಯ ಭಾಗವೆಲ್ಲ ಅದೇ. ಜೂಜಿನ ಸಾಲ ತೀರಿಸಲು ಇತರರ ಮುಂದೆ ಕೈಚಾಚುವುದು: ಕ್ನಿಶ್ ಇಲ್ಲವೆಂದ, ಕಾಲೇಜಿನ ಪ್ರೊಫೆಸರ್ ಪೆಟ್ರೋವ್ಸ್ಕಿ ಕೊಟ್ಟ. ನಾಲ್ಕು ಸಾಕಿತ್ತು, ಐದಾಯಿತು. ವರ್ಮ್‌ಗೂ ಇವನಿಗೂ ಇರುವ ವ್ಯತ್ಯಾಸ ಇಷ್ಟೇ: ಇವನು ನೋಡಲು ಚೆಂದ, ಮತ್ತು ಕಥೆ ಹೇಳುವ ಧ್ವನಿ ಇವನದ್ದು. ಇಡೀ ಸಿನಿಮಾದ ವಿವರಣೆಯನ್ನು ಚಟಗಾರನ ಬಾಯಿಂದಲೇ ಕೇಳಿ, ಅದನ್ನೇ ಸಾಕ್ಷ್ಯವೆಂದು ಒಪ್ಪಿ, ಖುಲಾಸೆ ಮಾಡಿಬಿಟ್ಟವರು ನಾವು.

ಆ ಖುಲಾಸೆಯ ದಂಡ ಕಟ್ಟಿದವಳು ಜೋ. ಗ್ರೆಚೆನ್ ಮೊಲ್ ನಟಿಸಿದ ಈ ಹುಡುಗಿಯ ಮೇಲೆ ಅಭಿಮಾನಿಗಳಿಗಿರುವ ಸಿಟ್ಟು ನೋಡಿದರೆ, ಆಕೆಯೇ ಅವನ ಹಣ ಕದ್ದಳೇನೋ ಅನ್ನಿಸಬೇಕು. ಆಕೆ ಮಾಡಿದ್ದಾದರೂ ಏನು? ಅವಳೂ ಕಾನೂನು ಓದುತ್ತಿದ್ದಾಳೆ. ಆಡುವುದಿಲ್ಲ ಎಂದು ಅವನು ಮಾತು ಕೊಟ್ಟ, ಅವಳು ನಂಬಿದಳು. ಒಂದು ಬೆಳಿಗ್ಗೆ ನೋಟಿನ ಸುರುಳಿ ಸಿಕ್ಕಿತು, ಕೇಳಿದಳು. ಅವನು ಮತ್ತೆ ಆಡಿದ, ಮತ್ತೆ ತಪ್ಪಿಸಿಕೊಂಡ. ಅವಳು ಸಾಮಾನು ಕಟ್ಟಿಕೊಂಡು ಹೊರಟಳು. ಕಿರುಚಲಿಲ್ಲ, ಶಪಿಸಲಿಲ್ಲ, ಪಾಲು ಕೇಳಲಿಲ್ಲ. ಇಡೀ ಚಿತ್ರದಲ್ಲಿ ಸೋಲುವ ಮೇಜಿನಿಂದ ಹೊತ್ತಿಗೆ ಸರಿಯಾಗಿ ಎದ್ದುಹೋದ ಒಂದೇ ಒಂದು ಪಾತ್ರ ಅವಳು. ಪೋಕರ್ ಪಂಡಿತರು ಶಿಸ್ತು, ಶಿಸ್ತು ಎಂದು ಜಪಿಸುತ್ತಾರಲ್ಲ, ಅದು ಮೈಗೂಡಿದ್ದು ಅವಳಿಗೆ. ಅವಳಿಗೆ ಸಂದ ಬಹುಮಾನ ‘ಅವನ ಕನಸು ಅರ್ಥಮಾಡಿಕೊಳ್ಳಲಿಲ್ಲ’ ಎಂಬ ಬೈಗುಳ.

ನಮ್ಮ ಊರುಗಳಲ್ಲಿ ಅಹೋರಾತ್ರಿ ಯಕ್ಷಗಾನ ನೋಡಿದ, ತಾಳಮದ್ದಲೆ ಕೇಳಿದ ಜನ ಇದಕ್ಕಿಂತ ಒಳ್ಳೆಯ ಪ್ರೇಕ್ಷಕರಾಗಿದ್ದರು. ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿತ್ತು ಎಂದು ದ್ರೌಪದಿ ಸಭೆಯಲ್ಲಿ ಕೇಳಿದಾಗ ಅವರು ಯಾರೂ ಆಕೆಯನ್ನು ತಲೆನೋವು ಎನ್ನಲಿಲ್ಲ. ಧರ್ಮರಾಯನ ಮೇಲೆ ಎಷ್ಟೇ ಗೌರವವಿದ್ದರೂ ಅವನ ದ್ಯೂತವನ್ನು ಕಲೆ ಎಂದು ಕರೆಯಲಿಲ್ಲ. ಅಕ್ಷರ ಬಾರದ ಪ್ರೇಕ್ಷಕನಿಗೂ ಹೊಳೆದದ್ದು ಬೇರೆಬೇರೆ ಭಾಷೆಯ ಸಿನಿಮಾ ನೋಡಿ ಪಳಗಿದವನಿಗೆ ಹೊಳೆಯುವುದಿಲ್ಲವೆಂದರೆ ನಾಚಿಕೆಯಾಗಬೇಕಾದದ್ದು ಯಾರಿಗೆ?

ಪ್ರೊಫೆಸರ್ ಪೆಟ್ರೋವ್ಸ್ಕಿಯ ವಿಚಾರ ಬೇಗ ಮುಗಿಸುತ್ತೇನೆ. ಮಾರ್ಟಿನ್ ಲ್ಯಾಂಡೌ ಆ ಪಾತ್ರಕ್ಕೆ ತಂದ ಘನತೆಯಿಂದಲೇ ಅಪಾಯ ಹೆಚ್ಚಿದೆ. ಮನುಷ್ಯ ತನ್ನ ಹಣೆಬರಹದಿಂದ ಓಡಿಹೋಗಲಾರ ಎಂಬ ಅರ್ಥದ ಉಪದೇಶ ಮಾಡಿ, ಶಿಷ್ಯನ ಕೈಗೆ 10,000 ಡಾಲರ್ ಇಡುತ್ತಾನೆ. ಈ ದೃಶ್ಯಕ್ಕೆ ಕಣ್ಣೀರು ಹಾಕುವವರಿದ್ದಾರೆ. ವಿದ್ಯಾರ್ಥಿಯೊಬ್ಬ ಜೂಜಿನ ಸಾಲಕ್ಕೆ ಸಿಕ್ಕಿ ಬಾಗಿಲಿಗೆ ಬಂದರೆ, ಅವನನ್ನು ಮತ್ತೆ ಮೇಜಿಗೆ ಅಟ್ಟುವುದು ಗುರುವಿನ ಕೆಲಸವೆ? ಸಾಲಗಾರರ ಕಾಟಕ್ಕೆ ಸಿಕ್ಕಿದ ನಿಜವಾದ ಹುಡುಗರಿಗೆ ಇಂಥ ಪ್ರೊಫೆಸರ್ ಸಿಗುವುದಿಲ್ಲ. ಸಿಗುವುದು ಬಡ್ಡಿಗೆ ಕೊಡುವ ಆಪ್.

ಈಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವ ಮುಕ್ತಾಯಕ್ಕೆ ಬರೋಣ. ಜೂಜಿನ ಸಾಲಕ್ಕೆ ಗಡುವಿನೊಳಗೆ 15,000 ಡಾಲರ್ ಕಟ್ಟಬೇಕು. ಸಾಲ ತಂದ ಹತ್ತು ಸಾವಿರ ಹಿಡಿದು ಮೈಕ್ ಟೆಡ್ಡಿಯ ಎದುರು ಕೂರುತ್ತಾನೆ. ಗೆದ್ದು ದುಪ್ಪಟ್ಟು ಮಾಡುತ್ತಾನೆ. ಎದ್ದು ಹೋಗಬಹುದು. ಹಿಂದಿನ ಸೋಲನ್ನು ನೆನಪಿಸಿ ಟೆಡ್ಡಿ ಕೆಣಕುತ್ತಾನೆ, ಮೈಕ್ ಮತ್ತೆ ಕೂರುತ್ತಾನೆ. ಪ್ರೇಕ್ಷಕ ಇದನ್ನು ಕೆಚ್ಚು ಎನ್ನುತ್ತಾನೆ. ಕೆರಳಿಸಿದ ಮಾತಿಗೆ ಮತ್ತೆ ಕೂತವನನ್ನು ಕ್ಲಬ್ಬಿನ ಮಾಲೀಕ ಏನೆನ್ನುತ್ತಾನೆ ಗೊತ್ತೆ? ಒಳ್ಳೆಯ ಗಿರಾಕಿ. ಚಿತ್ರಕಥೆ ಬರೆದ ಡೇವಿಡ್ ಲೆವಿನ್, ಬ್ರಯಾನ್ ಕಾಪಲ್‌ಮನ್ ಜೋಡಿಗೆ ತಮ್ಮ ನಾಯಕನನ್ನು ಬದುಕಿಸಲು ಬಿಸ್ಕತ್ತು ಬೇಕಾಯಿತು. ಟೆಡ್ಡಿ ಓರಿಯೊ ಬಿಸ್ಕತ್ತನ್ನು ಬಿಡಿಸುವ ರೀತಿಯಲ್ಲೇ ಅವನ ಎಲೆ ಎಂಥದ್ದೆಂದು ಮೈಕ್ ಪತ್ತೆಹಚ್ಚುತ್ತಾನೆ! ಇಷ್ಟಾಗಿ ಗಳಿಕೆಯೆಷ್ಟು? ಸಾಲಗಳನ್ನೆಲ್ಲ ಹರಿದರೆ ಉಳಿಯುವುದು ಮೊದಲ ರಾತ್ರಿ ಕಳೆದ ಆ 30,000 ಡಾಲರೇ. ಅಂದರೆ ಹೊರಟಲ್ಲಿಗೇ ಬಂದ. ನಡುವೆ ಓದು ಹೋಯಿತು, ಹುಡುಗಿ ಹೋದಳು, ಗೆಳೆಯ ಹೋದ. ಉಳಿದ ಗಂಟು ಹಿಡಿದು ಅವನು ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಗೆ ಟ್ಯಾಕ್ಸಿ ಹತ್ತಿದರೆ, ನೋಡಿದವರು ‘ಗೆದ್ದ’ ಎನ್ನುತ್ತಾರೆ. ಇದರ ಮುಂದಿನ ಭಾಗ ಬರಲಿ ಎಂದು ವರ್ಷಗಟ್ಟಲೆ ಗೋಗರೆದವರಿದ್ದಾರೆ.

ಮುಂದಿನ ಭಾಗ ಎಂದೋ ಬಂದಿದೆ ಸ್ವಾಮಿ, ನೀವು ನೋಡಲಿಲ್ಲ. ಅದೇ 1998ರ ಬೇಸಿಗೆಯಲ್ಲಿ, ಚಿತ್ರ ಬಿಡುಗಡೆಗೆ ಮುನ್ನ, ಮ್ಯಾಟ್ ಡೇಮನ್ ನಿಜವಾಗಿಯೂ ವೇಗಸ್‌ನ ಆ ಪಂದ್ಯದಲ್ಲಿ ಆಡಿದರು. ಕೈಗೆ ಎರಡು ರಾಜ ಬಂದವು. ಅದಕ್ಕಿಂತ ಮೇಲಿನ ಜೋಡಿ ಒಂದೇ. ಅದು ಎದುರಿಗೆ ಕೂತಿದ್ದ ಹಳೆಯ ಹುಲಿ ಡಾಯ್ಲ್ ಬ್ರನ್ಸನ್ ಕೈಯಲ್ಲಿತ್ತು. ನಟ ಮನೆಗೆ ಹೋದರು. ಅವರಿಗೆ ಮನೆಯಿತ್ತು, ಮುಂದಿನ ಸಿನಿಮಾ ಇತ್ತು.

ಅದೇ ಪಂದ್ಯದಲ್ಲಿ ಒಬ್ಬನ ಕುರ್ಚಿ ಖಾಲಿಯಿತ್ತು. ಸ್ಟೂ ಉಂಗರ್, ಹಿಂದಿನ ವರ್ಷವಷ್ಟೇ ಅದೇ ಪಂದ್ಯ ಗೆದ್ದು ಹತ್ತು ಲಕ್ಷ ಡಾಲರ್ ಬಹುಮಾನ ಪಡೆದಿದ್ದವನು. 1980, 1981, 1997 ಹೀಗೆ ಮೂರು ಬಾರಿ ಗೆದ್ದವನು. ಎಲೆಯ ಆಟದಲ್ಲಿ ಅವನಷ್ಟು ಪ್ರತಿಭೆ ಇದ್ದವರು ವಿರಳ ಎಂದು ಅವನಿಂದ ಸೋತವರೇ ಹೇಳುತ್ತಿದ್ದರು. ಸಿಕ್ಕ ದುಡ್ಡೆಲ್ಲ ಕುದುರೆಗೂ ಇತರ ಬೆಟ್ಟಿಂಗಿಗೂ ಕೊಕೇನಿಗೂ ಹೋಯಿತು. 1998ರಲ್ಲಿ ಬೇರೆಯವರು ಪ್ರವೇಶಶುಲ್ಕ ಕಟ್ಟಿದರೂ ಆಡಲು ಬರುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆ ನವೆಂಬರಿನಲ್ಲಿ ವೇಗಸ್‌ನ ಅಗ್ಗದ ಮೋಟೆಲೊಂದರ ಕೋಣೆಯಲ್ಲಿ ಅವನ ಹೆಣ ಸಿಕ್ಕಿತು. ವಯಸ್ಸು 45. ಅಂತ್ಯಕ್ರಿಯೆಗೆ ಪರಿಚಯದವರು ಚಂದಾ ಎತ್ತಿದರು. ‘ರೌಂಡರ್ಸ್’ ತೆರೆಗೆ ಬಂದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಕೌಶಲವೇ ಕಾಯುತ್ತದೆ ಎಂದು ವಾದಿಸುವವರು ಉಂಗರ್‌ಗಿಂತ ಹೆಚ್ಚಿನ ಕೌಶಲವಿರುವ ಒಬ್ಬನನ್ನು ತೋರಿಸಲಿ.

‘ಸಿನಿಮಾ ನೋಡಿ ಯಾರೂ ಹಾಳಾಗುವುದಿಲ್ಲ ಬಿಡಿ’ ಎಂಬ ಹಳೆಯ ತತ್ವಜ್ಞಾನ ಇಲ್ಲಿ ನಡೆಯದು. ಬಿಡುಗಡೆಯಾದಾಗ ಸಾಧಾರಣವಾಗಿ ಓಡಿದ ಚಿತ್ರ ಇದು. ಇದಕ್ಕೆ ಎರಡನೆಯ ಜನ್ಮ ಬಂದದ್ದು ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ 2003ರಲ್ಲಿ ವಿಶ್ವ ಸರಣಿ ಗೆದ್ದ ಮೇಲೆ. ಆನ್‌ಲೈನ್‌ನಲ್ಲಿ ನೂರು ಡಾಲರಿಗೂ ಕಡಿಮೆ ಕಟ್ಟಿ ಒಳಬಂದವನು 25 ಲಕ್ಷ ಡಾಲರ್ ಹೊತ್ತೊಯ್ದ. ತನಗೆ ಪ್ರೇರಣೆ ‘ರೌಂಡರ್ಸ್’ ಎಂದ. ಆ ವರ್ಷ ಮುಖ್ಯ ಪಂದ್ಯದಲ್ಲಿದ್ದವರು 839 ಜನ. 2006ರ ಹೊತ್ತಿಗೆ 8,773. ಆ ಸಾವಿರಾರು ಮಂದಿಯಲ್ಲಿ ಪ್ರತಿಯೊಬ್ಬನೂ ತಾನೇ ಮೈಕ್ ಎಂದುಕೊಂಡು ಬಂದವನು. ಹತ್ತರಲ್ಲಿ ಒಂಬತ್ತು ಮಂದಿ ಬರಿಗೈಯಲ್ಲಿ ಹಿಂತಿರುಗಿದರು. ಅವರ ಬಗ್ಗೆ ಯಾರು ಸಿನಿಮಾ ಮಾಡುತ್ತಾರೆ?

ಅವರ ದುಡ್ಡಿನ ಮೇಲೆ ಎದ್ದ ಸಾಮ್ರಾಜ್ಯಗಳ ಕಥೆಯೂ ಗೊತ್ತಿರಲಿ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಮೂರು ದೊಡ್ಡ ಆನ್‌ಲೈನ್ ಪೋಕರ್ ಕಂಪನಿಗಳ ಬಾಗಿಲು ಬಡಿಯಿತು. ಆಗ ಬಯಲಾದದ್ದು ‘ಫುಲ್ ಟಿಲ್ಟ್’ ಎಂಬ ಕಂಪನಿಯ ಲೆಕ್ಕ. ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಮಾಲೀಕರಿಗೆ, ನಿರ್ದೇಶಕರಿಗೆ ಮಾತ್ರ 44 ಕೋಟಿಗೂ ಮೇಲ್ಪಟ್ಟು ಹಂಚಿಕೆಯಾಗಿತ್ತು ಎಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ಇದು ಜಾಗತಿಕ ಪಾಂಜಿ ಸ್ಕೀಮ್ ಎಂದು ಕರೆದರು. ಕಂಪನಿಯ ಆಡಳಿತ ಮಂಡಳಿಯಲ್ಲಿ ಪೋಕರ್ ಚಾಂಪಿಯನ್ನರೂ ಇದ್ದರು. ಅವರಲ್ಲೊಬ್ಬ ನ್ಯೂಯಾರ್ಕಿನ ಮೇಫೇರ್ ಕ್ಲಬ್ಬಿನಲ್ಲಿ ಪಳಗಿದವನು. ಮೈಕ್ ಆಡುವ ಚೆಸ್ಟರ್‌ಫೀಲ್ಡ್ ಕ್ಲಬ್ಬಿಗೆ ಮಾದರಿ ಅದೇ ಮೇಫೇರ್.

ಹಾಗಿದ್ದರೂ ‘ಕೌಶಲ’ದ ಮಂತ್ರ ನಿಂತಿಲ್ಲ. ಸರಿ, ಒಪ್ಪಿಬಿಡೋಣ. ಪೋಕರ್‌ಗೆ ಕೌಶಲ ಬೇಕು, ಬೇಕೇ ಬೇಕು. ಹಾಗಾದರೆ ಆಟ ನಿರ್ದೋಷಿಯಾಯಿತೆ? ಶುದ್ಧ ಅದೃಷ್ಟದ ಆಟದಲ್ಲಿ ದಡ್ಡನಿಗೂ ಒಂದು ರಾತ್ರಿಯ ಆಸೆಯಾದರೂ ಇರುತ್ತದೆ. ಕೌಶಲದ ಆಟದಲ್ಲಿ ಕೌಶಲವಿಲ್ಲದವನು ಆಡಿದಷ್ಟೂ ಖಚಿತವಾಗಿ ಸೋಲುತ್ತಾನೆ. ಮೇಜಿನ ಮೇಲೆ ಹೊಸ ಸಂಪತ್ತು ಹುಟ್ಟುವುದಿಲ್ಲ. ಒಬ್ಬನ ಜೇಬಿನದು ಇನ್ನೊಬ್ಬನ ಜೇಬಿಗೆ ಹೋಗುತ್ತದೆ, ನಡುವೆ ಪ್ರತಿ ಆಟದಿಂದಲೂ ಕ್ಲಬ್ಬಿನವನು ತನ್ನ ಪಾಲು ಕತ್ತರಿಸಿಕೊಳ್ಳುತ್ತಾನೆ. ಹೀಗಾಗಿ ಎಲ್ಲ ಆಟಗಾರರ ಲೆಕ್ಕ ಕೂಡಿಸಿದರೆ ಬರುವುದು ನಷ್ಟವೇ. ಕೆಲವರು ಸದಾ ಗೆಲ್ಲಬೇಕಾದರೆ ಬಹಳ ಮಂದಿ ಸದಾ ಸೋಲುತ್ತಿರಬೇಕು. ಕೌಶಲ ಎನ್ನುವುದು ಇಲ್ಲಿ ಆರೋಪಿಯ ತಪ್ಪೊಪ್ಪಿಗೆ. ಹಸ್ತಿನಾವತಿಯ ಆ ಸಭೆಯಲ್ಲೂ ಕೌಶಲವಿದ್ದದ್ದು ಒಬ್ಬನಿಗೇ. ಅವನ ಹೆಸರು ಶಕುನಿ. ಅಭಿಮಾನಿಗಳು ನಾಯಕನನ್ನು ಆರಿಸುವಾಗ ಇದು ನೆನಪಿರಲಿ.

ವಿಚಿತ್ರವೆಂದರೆ ಈ ಸತ್ಯವನ್ನು ಸಿನಿಮಾ ಮುಚ್ಚಿಟ್ಟಿಲ್ಲ. ಅಟ್ಲಾಂಟಿಕ್ ಸಿಟಿಯ ತಾಜ್ ಮಹಲ್ ಕ್ಯಾಸಿನೊದ ದೃಶ್ಯ ನೆನಪಿಸಿಕೊಳ್ಳಿ. ನ್ಯೂಯಾರ್ಕಿನ ಪರಿಚಿತ ಆಟಗಾರರೆಲ್ಲ ಕಾಕತಾಳೀಯವೆಂಬಂತೆ ಒಂದೇ ಮೇಜಿನಲ್ಲಿ ಸೇರಿದ್ದಾರೆ. ತಮ್ಮತಮ್ಮಲ್ಲಿ ಒಪ್ಪಂದವೇನಿಲ್ಲ, ಆದರೆ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ವಾರಾಂತ್ಯಕ್ಕೆ ಬಂದ ಪ್ರವಾಸಿಗರು ನಗುನಗುತ್ತಾ ಬಂದು ಕೂರುತ್ತಾರೆ, ಬೋಳಾಗಿ ಏಳುತ್ತಾರೆ. ಚಿತ್ರಮಂದಿರ ನಗುತ್ತದೆ. ಈ ನಗುವೇ ನನ್ನ ದೊಡ್ಡ ದೂರು. ನಾವು ಯಾರು? ಚಿತ್ರ ನೋಡಿ ಹುಮ್ಮಸ್ಸು ಬಂದು ಮೊದಲ ಬಾರಿ ಮೇಜಿಗೆ ಹೋಗುವ ನಾವು ಮೈಕ್ ಆಗಿರಲು ಸಾಧ್ಯವೆ? ಅಂಗಿಯ ಜೇಬಿನಲ್ಲಿ ಸಂಬಳ ಇಟ್ಟುಕೊಂಡು ಬಂದ ಆ ಪ್ರವಾಸಿಗ ನಾವೇ. ನಮ್ಮನ್ನೇ ಬೋಳಿಸುವ ದೃಶ್ಯಕ್ಕೆ ನಾವೇ ಚಪ್ಪಾಳೆ ತಟ್ಟುವಂತೆ ಮಾಡಿದ ಜಾಣತನ ಸಿನಿಮಾದ್ದು. ತಟ್ಟಿದ ದಡ್ಡತನ ನಮ್ಮದು.

ಕರ್ನಾಟಕಕ್ಕೆ ಇದು ದೂರದೂರಿನ ಸುದ್ದಿಯಲ್ಲ. ಪೋಕರ್ ಕೌಶಲದ ಆಟವೆಂಬ ವಾದ 2013ರಲ್ಲೇ ನಮ್ಮ ಹೈಕೋರ್ಟಿನಲ್ಲಿ ನಡೆದು, ಕೌಶಲದ ಆಟವಾಗಿ ಆಡಿದರೆ ಕ್ಲಬ್ಬುಗಳಿಗೆ ಪರವಾನಗಿ ಬೇಕಿಲ್ಲ ಎಂಬ ಆದೇಶ ಬಂತು. ಗುಜರಾತ್ ಹೈಕೋರ್ಟ್ 2017ರಲ್ಲಿ ಅದೇ ಆಟವನ್ನು ಜೂಜು ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೆ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಸುಮಾರು 45 ಕೋಟಿ ಜನ ಇಂಥ ಆಟಗಳಿಂದ ಬಾಧಿತರು, ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟ ಎಂಬುದು ಕೇಂದ್ರ ಸರ್ಕಾರ ಕೊಟ್ಟ ಅಂದಾಜು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಬಂದವು, ಕರ್ನಾಟಕ ಹೈಕೋರ್ಟಿಗೂ ಬಂದವು. ಅರ್ಜಿಗಳ ಬೆನ್ನೆಲುಬು ಯಾವುದು? ಇದು ಕೌಶಲದ ಆಟ ಎಂಬ ಅದೇ ಹಳೆಯ ವಾಕ್ಯ. ಅದನ್ನು ವಕೀಲರು ಶುಲ್ಕ ಪಡೆದು ಹೇಳಿದರು. ಸಿನಿಮಾ ರಸಿಕರು ಇಷ್ಟು ವರ್ಷ ಪುಕ್ಕಟೆ ಹೇಳಿಕೊಂಡು ಬಂದರು.

ನಿಷೇಧದ ಕಾಯ್ದೆ ಕೋರ್ಟಿನಲ್ಲಿ ಉಳಿಯಲಿ, ಉರುಳಲಿ, ರಸಿಕರು ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲು, ಇಂಟರ್ನೆಟ್ ಗೀಳಿಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಪರದೆಯ ಮುಂದೆ ಕೂತವರ ಕಷ್ಟ ಅಲ್ಲಿನ ವೈದ್ಯರಿಗೆ ಗೊತ್ತು. ವಿಮರ್ಶೆ ಬರೆಯುವವರೇ, ಗೆಳೆಯರಿಗೆ ಚಿತ್ರ ಸೂಚಿಸುವವರೇ, ‘ರೌಂಡರ್ಸ್’ ನೋಡಿ, ನೋಡಿಸಿ. ಆದರೆ ಅದನ್ನು ಪೋಕರ್‌ನ ಪಾಠಶಾಲೆ ಎಂದು ಕರೆಯುವುದನ್ನು ಇಂದೇ ನಿಲ್ಲಿಸಿ. ಚಟದ ಕಥೆಯನ್ನು ಚಟದ ಕಥೆ ಎಂದೇ ಹೆಸರಿಟ್ಟು ಹೇಳಿ. ಜೋ ಪಾತ್ರವನ್ನು ಬೈಯುವ ಬಾಯಿಗೆ ಎದುರಾಡಿ. ಕ್ನಿಶ್‌ಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿ. ಹದಿನೆಂಟರ ಹುಡುಗನೊಬ್ಬ ನಿಮ್ಮ ಮಾತು ನಂಬಿ ಈ ಚಿತ್ರ ನೋಡಲು ಕೂತರೆ, ಸ್ಟೂ ಉಂಗರ್ ಯಾರು, ಎಲ್ಲಿ ಸತ್ತ ಎಂಬುದನ್ನು ಚಿತ್ರ ಶುರುವಾಗುವ ಮುನ್ನವೇ ಅವನಿಗೆ ಹೇಳಿ.